ಗುಳಿಗೆ ಪಾಸ್ ಮಾಡಿದವರು ಯಾರು?



ಫೆಬ್ರವರಿ 10 ಬಂತೆಂದರೆ ನಮ್ಮ ಶಾಲೆಯಲ್ಲಿ ಪಾಠ ಅಷ್ಟಕ್ಕಷ್ಟೆ. ಅದು ಜಂತುಹುಳುವಿನ ಗುಳಿಗೆ ತಿನ್ನಿಸುವ ದಿನ. 2015ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ. ಆರೋಗ್ಯ ಇಲಾಖೆಯವರು ಡಬ್ಬಿ ಕೊಟ್ಟು, ಸಹಿ ಮಾಡಿಸಿಕೊಂಡು ಮುಂದಿನ ಊರಿಗೆ ಹೋಗಿಬಿಡುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿಗೆ ಗುಳಿಗೆ ಹಾಕುವವರು ನಾವು. ‘ಆ’ ಮಾಡಿಸಿ ನೋಡುವವರು ನಾವು. ಕೆನ್ನೆಯ ಸಂದಿಯಲ್ಲಿ ಬಚ್ಚಿಟ್ಟುಕೊಂಡು ಆಮೇಲೆ ಬೇವಿನ ಗಿಡದ ಬುಡಕ್ಕೆ ಉಗುಳುವ ಜಾಣರನ್ನು ಹಿಡಿಯುವವರೂ ನಾವೇ. ಇದರ ಜೊತೆಗೆ ವಾರಕ್ಕೊಮ್ಮೆ ಕಬ್ಬಿಣಾಂಶದ ಗುಳಿಗೆ ಬೇರೆ. ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ಹೀಗಾಗಿ ಗಡಿಯಾಚೆಯ ಕನ್ನಡ ಮಾಸ್ತರ ಅರ್ಧ ಮಾಸ್ತರ, ಅರ್ಧ ಕಂಪೌಂಡರ!

ಈ ಸಲ ಗುಳಿಗೆ ಹಂಚುವಾಗ ಎರಡನೆಯ ಇಯತ್ತೆಯ ಹುಡುಗಿಯ ತಾಯಿ ಬಂದು ಬಾಗಿಲಲ್ಲಿ ನಿಂತಳು. ಕೆಮ್ಮಿನ ಔಷಧಿ ಕುಡಿದು ಮಕ್ಕಳು ಸತ್ತ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿದ್ದಳಂತೆ.

“ಗುರೂಜಿ, ಈ ಗುಳಗಿ ಯಾರು ನೋಡಿ ಪಾಸ್ ಮಾಡ್ಯಾರ್ರಿ?” ಎಂದಳು.

“ಸರಕಾರ ಪಾಸ್ ಮಾಡ್ಯದ ತಂಗಿ,” ಎಂದೆವು.

“ಸರಕಾರ ಅಂದ್ರ ಯಾರ್ರಿ? ಅವರೂ ಒಂದು ತಿಂದು ನೋಡ್ಯಾರೇನು?”

ಉತ್ತರ ಗೊತ್ತಿಲ್ಲದಾಗ ಮಾಸ್ತರರು ಮಾಡುವ ಕೆಲಸವನ್ನೇ ನಾವೂ ಮಾಡಿದೆವು. “ನಾಳಿ ಹೇಳ್ತೀವಿ” ಎಂದೆವು. ಅವಳ ಎದುರಿಗೇ ಒಂದು ಗುಳಿಗೆಯನ್ನು ನಾವು ಅಗಿದು ತಿಂದು ತೋರಿಸಿದ ಮೇಲೆ ಮಗಳು ತಿಂದಳು. ಆದರೆ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ನಾಳೆ ಹೋಗಿ ತಿಂಗಳಾಯಿತು, ಓದುತ್ತ ಹೋದೆವು. ಓದಿದ್ದರಲ್ಲಿ ನಗು ಬರುವಂಥದ್ದು ಬಹಳ ಇದೆ. ನಗು ಗಂಟಲಲ್ಲೇ ನಿಲ್ಲುವಂಥದ್ದೂ ಅಷ್ಟೇ ಇದೆ.

ಕಥೆಯನ್ನು ಅಮೆರಿಕದಿಂದ ಶುರು ಮಾಡಬೇಕು. ಔಷಧಿಗೂ ಕಾನೂನಿಗೂ ನಡೆದ ಕಣ್ಣುಮುಚ್ಚಾಲೆ ಅಲ್ಲಿ ದಾಖಲೆಯಾದಷ್ಟು ಚೆನ್ನಾಗಿ ಬೇರೆಲ್ಲೂ ಆಗಿಲ್ಲ. 1906ರಲ್ಲಿ ಅಲ್ಲಿ ಆಹಾರ ಮತ್ತು ಔಷಧಿಯ ಶುದ್ಧತೆಗೆಂದು ಒಂದು ಕಾಯ್ದೆ ಬಂತು. ಬಾಟಲಿಯ ಚೀಟಿಯ ಮೇಲೆ ಸುಳ್ಳು ಬರೆಯಬಾರದು ಎಂಬುದು ಅದರ ಸಾರ. ಕಾನ್ಸಾಸ್ ಸಿಟಿಯ ಒಬ್ಬ ಡಾಕ್ಟರ್ ಕ್ಯಾನ್ಸರ್ ವಾಸಿ ಮಾಡುವ ಔಷಧಿ ಎಂದು ಏನನ್ನೋ ಮಾರುತ್ತಿದ್ದ. ಅದರಿಂದ ಕ್ಯಾನ್ಸರ್ ವಾಸಿಯಾಗುತ್ತಿರಲಿಲ್ಲ. ಸರಕಾರ ಕೇಸು ಹಾಕಿತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾಯ್ದೆ ಹೇಳಿರುವುದು ಬಾಟಲಿಯೊಳಗೆ ಏನಿದೆ ಎಂಬುದರ ಬಗೆಗಿನ ಸುಳ್ಳನ್ನೇ ಹೊರತು, ಅದು ಏನು ಮಾಡುತ್ತದೆ ಎಂಬುದರ ಬಗೆಗಿನ ಸುಳ್ಳನ್ನಲ್ಲ ಎಂದು ತೀರ್ಪು ಕೊಟ್ಟಿತು! ಅಂದರೆ ‘ಇದರಲ್ಲಿ ಬೆಲ್ಲ ಇದೆ’ ಎಂದು ಬರೆದು ಸಕ್ಕರೆ ಹಾಕಿದರೆ ಅಪರಾಧ. ‘ಇದು ಸತ್ತವರನ್ನು ಎಬ್ಬಿಸುತ್ತದೆ’ ಎಂದು ಬರೆದು ನಿಜವಾದ ಬೆಲ್ಲವನ್ನೇ ಹಾಕಿದರೆ ಅಪರಾಧವಲ್ಲ.

ಮುಂದಿನ ವರ್ಷ, 1912ರಲ್ಲಿ, ತಿದ್ದುಪಡಿ ತಂದರು. ಗುಣದ ಬಗ್ಗೆಯೂ ಸುಳ್ಳು ಹೇಳುವಂತಿಲ್ಲ, ಆದರೆ ಮೋಸ ಮಾಡಬೇಕೆಂಬ ಉದ್ದೇಶ ಇತ್ತೆಂದು ಸರಕಾರ ಸಿದ್ಧ ಮಾಡಬೇಕು ಎಂದರು. ಆಮೇಲೆ ಮಾರುವವರೆಲ್ಲ ಕೋರ್ಟಿನಲ್ಲಿ ಎದೆಮುಟ್ಟಿ, “ಸ್ವಾಮಿ, ನಾವು ನಂಬಿದ್ದೆವು” ಎನ್ನುವುದನ್ನು ಕಲಿತರು. ಹೋಮ್‌ವರ್ಕ್ ಮಾಡದ ಹುಡುಗ “ಸರ್, ಮಾಡಬೇಕಂತಿದ್ದೆ” ಎಂದರೆ ನಾವು ಏನೂ ಮಾಡಲಾಗುವುದಿಲ್ಲವಲ್ಲ, ಹಾಗೆ.

ಇಲ್ಲಿ ನಮ್ಮ ದೇಶದ ಮಾತೊಂದು ನೆನಪಾಗುತ್ತದೆ. ನಮ್ಮ 1945ರ ಔಷಧಿ ನಿಯಮಗಳಲ್ಲಿ ‘ಜೆ’ ಎಂಬ ಅನುಸೂಚಿ ಇದೆ. ಯಾವ ಯಾವ ಕಾಯಿಲೆ ಅಥವಾ ಕೊರತೆಯನ್ನು ವಾಸಿ ಮಾಡುತ್ತೇವೆ ಎಂದು ಯಾವ ಔಷಧಿಯೂ ಹೇಳಿಕೊಳ್ಳಬಾರದು ಎಂಬ ಪಟ್ಟಿ ಅದು. ಕ್ಯಾನ್ಸರ್ ಇದೆ, ಬೋಳುತಲೆ ಇದೆ, ಚರ್ಮ ಬೆಳ್ಳಗಾಗುವುದು ಇದೆ, ಮಕ್ಕಳ ಎತ್ತರ ಹೆಚ್ಚುವುದು ಇದೆ, ಜ್ಞಾಪಕಶಕ್ತಿ ಹೆಚ್ಚುವುದೂ ಇದೆ. 1954ರಲ್ಲಿ ಇಂಥ ‘ಚಮತ್ಕಾರಿ’ ಔಷಧಿಗಳ ಜಾಹೀರಾತಿಗೇ ಬೇರೆ ಕಾಯ್ದೆ ಬಂತು. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಾಗ ಸಂತೆಗೆ ಹೋಗಿ ನೋಡಿರಿ, ಆ ಪಟ್ಟಿಯನ್ನು ಕಂಠಪಾಠ ಮಾಡಿಕೊಂಡೇ ಅಂಗಡಿ ಹಾಕಿದಂತಿರುತ್ತದೆ. ಇರಲಿ, ಅಮೆರಿಕಕ್ಕೆ ಮರಳೋಣ.

1930ರ ದಶಕದ ನಡುವೆ ಸಲ್ಫಾ ಎಂಬ ಔಷಧಿಗಳು ಬಂದಿದ್ದವು. ಗಂಟಲು ನೋವು, ಕೀವು, ಸೋಂಕು ಇವಕ್ಕೆಲ್ಲ ನಿಜವಾಗಿಯೂ ಕೆಲಸ ಮಾಡಿದ ಔಷಧಿ. ಆದರೆ ಗುಳಿಗೆ ಮತ್ತು ಪುಡಿ ಮಾತ್ರ ಸಿಗುತ್ತಿತ್ತು. ಮಕ್ಕಳಿಗೆ ಸಿರಪ್ ಬೇಕು ಎಂದು ದಕ್ಷಿಣದ ರಾಜ್ಯಗಳಿಂದ ಬೇಡಿಕೆ ಬಂತು. ಟೆನೆಸ್ಸಿ ರಾಜ್ಯದ ಬ್ರಿಸ್ಟಲ್ ಊರಿನ ಮ್ಯಾಸೆಂಗಿಲ್ ಕಂಪನಿಯ ರಸಾಯನ ತಜ್ಞ ಹೆರಾಲ್ಡ್ ವಾಟ್ಕಿನ್ಸ್ ಹುಡುಕಿದ. ನೀರಿನಲ್ಲಿ ಸರಿಯಾಗಿ ಕರಗದ ಸಲ್ಫಾನಿಲಮೈಡ್ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಚೆನ್ನಾಗಿ ಕರಗಿತು. ರಾಸ್ಪ್‌ಬೆರಿ ಹಣ್ಣಿನ ರುಚಿ ಸೇರಿಸಿದರು. ಕಂಪನಿಯ ಪ್ರಯೋಗಾಲಯದಲ್ಲಿ ಪರೀಕ್ಷೆಯೂ ಆಯಿತು. ಏನೇನು ಪರೀಕ್ಷೆ ಎಂದರೆ ರುಚಿ, ಬಣ್ಣ, ವಾಸನೆ! ಮೂರರಲ್ಲೂ ಪ್ರಥಮ ದರ್ಜೆಯಲ್ಲಿ ಪಾಸು. ಕುಡಿದರೆ ಏನಾಗುತ್ತದೆ ಎಂದು ಒಂದು ಇಲಿಗೂ ಕುಡಿಸಿ ನೋಡಲಿಲ್ಲ. ನೋಡಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ.

1937ರ ಸೆಪ್ಟೆಂಬರಿನಲ್ಲಿ ‘ಎಲಿಕ್ಸಿರ್ ಸಲ್ಫಾನಿಲಮೈಡ್’ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳನ್ನು ತಲುಪಿತು. ಅಕ್ಟೋಬರಿನಲ್ಲಿ ಒಕ್ಲಹೋಮಾದ ಟುಲ್ಸಾ ಊರಿನಿಂದ ಸಾವಿನ ಸುದ್ದಿ ಬಂತು. ಆ ದ್ರವ ಮೂತ್ರಪಿಂಡವನ್ನೇ ಹಾಳು ಮಾಡುತ್ತಿತ್ತು. ಕುಡಿದವರ ಲೆಕ್ಕ ಸಿಕ್ಕಿದ್ದು 353 ಜನ, ಸತ್ತವರು 105. ಅವರಲ್ಲಿ 34 ಮಕ್ಕಳು.

ಈಗ ಕೇಳಿರಿ. ಸರಕಾರದ ಔಷಧಿ ಇಲಾಖೆ ತನ್ನ 239 ಇನ್‌ಸ್ಪೆಕ್ಟರ್ ಮತ್ತು ರಸಾಯನ ತಜ್ಞರನ್ನೆಲ್ಲ ಊರೂರಿಗೆ ಅಟ್ಟಿತು. ಯಾವ ಕಲಮಿನ ಕೆಳಗೆ ಬಾಟಲಿ ಜಪ್ತಿ ಮಾಡುವುದು? ವಿಷ ಮಾರಬಾರದು ಎಂಬ ಕಲಮು ಇರಲಿಲ್ಲ. ಪರೀಕ್ಷಿಸದೆ ಮಾರಬಾರದು ಎಂಬುದೂ ಇರಲಿಲ್ಲ. ಕೊನೆಗೆ ಕೈಗೆ ಸಿಕ್ಕ ಅಪರಾಧ ಒಂದೇ. ‘ಎಲಿಕ್ಸಿರ್’ ಎಂದು ಕರೆಯಬೇಕಾದರೆ ಅದರಲ್ಲಿ ಮದ್ಯಸಾರ ಇರಬೇಕು, ಇದರಲ್ಲಿ ಇಲ್ಲ. ಆದ್ದರಿಂದ ಹೆಸರು ತಪ್ಪು! ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂದು ನಾವು ನಗುತ್ತೇವಲ್ಲ, ಅಲ್ಲಿ ಭಟ್ಟರನ್ನು ಹಿಡಿದದ್ದು ಮಜ್ಜಿಗೆ ಇಲ್ಲದ್ದಕ್ಕೆ. ಮನೆಯಲ್ಲಿ ಇದ್ದ ವಿಷಕ್ಕಲ್ಲ. ಕಂಪನಿಯವರು ‘ಎಲಿಕ್ಸಿರ್’ ಬದಲು ‘ದ್ರಾವಣ’ ಎಂದು ಬರೆದಿದ್ದರೆ ಇಲಾಖೆಗೆ ಒಂದು ಬಾಟಲಿಯನ್ನೂ ಮುಟ್ಟುವ ಅಧಿಕಾರ ಇರುತ್ತಿರಲಿಲ್ಲ.

ತಯಾರಾಗಿದ್ದು 240 ಗ್ಯಾಲನ್. ಮರಳಿ ಸಿಕ್ಕಿದ್ದು 234 ಗ್ಯಾಲನ್ ಮತ್ತು ಒಂದು ಪೈಂಟ್. ಉಳಿದದ್ದನ್ನು ನಾವು ಆರನೆಯ ಇಯತ್ತೆಯ ಮಕ್ಕಳಿಂದ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದೆವು. ಸುಮಾರು 22 ಲೀಟರ್. ನಮ್ಮ ಕಡೆಯ ಎರಡು ಕೊಡದಷ್ಟು. ಅಷ್ಟಕ್ಕೆ ನೂರಕ್ಕಿಂತ ಹೆಚ್ಚು ಜೀವ. ಲೆಕ್ಕ ಬರೆದ ಹುಡುಗ ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತಿದ್ದ.

ಕಂಪನಿಯ ಮಾಲೀಕರು, ಡಾಕ್ಟರರು ಕೇಳಿದ್ದನ್ನು ನಾವು ಮಾಡಿಕೊಟ್ಟೆವು, ನಮ್ಮ ಜವಾಬ್ದಾರಿ ಏನೂ ಇಲ್ಲ ಎಂಬರ್ಥದ ಹೇಳಿಕೆ ಕೊಟ್ಟು, ಹೆಸರು ತಪ್ಪಿನ ದಂಡ ಕಟ್ಟಿದರು. ರಸಾಯನ ತಜ್ಞ ವಾಟ್ಕಿನ್ಸ್ ಆತ್ಮಹತ್ಯೆ ಮಾಡಿಕೊಂಡ. ಟುಲ್ಸಾದ ಒಬ್ಬ ತಾಯಿ ಆರು ವರ್ಷದ ಮಗಳನ್ನು ಕಳೆದುಕೊಂಡು ಅಧ್ಯಕ್ಷ ರೂಸ್‌ವೆಲ್ಟರಿಗೆ ಪತ್ರ ಬರೆದಳು. 1938ರ ಜೂನ್ 25ರಂದು ಹೊಸ ಕಾಯ್ದೆಗೆ ಸಹಿ ಬಿತ್ತು. ಔಷಧಿ ಮಾರುವ ಮೊದಲು ಅದು ಸುರಕ್ಷಿತ ಎಂದು ಸರಕಾರಕ್ಕೆ ತೋರಿಸಬೇಕು ಎಂಬ ಮಾತು ಮೊದಲ ಬಾರಿ ಆ ಕಾಯ್ದೆಯಲ್ಲಿ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದು ಅಂದುಕೊಂಡಿದ್ದೆವು, ಅಮೆರಿಕದವರಿಗೂ ಗೊತ್ತಿತ್ತು.

ಈ ಗಲಾಟೆಯ ಸಮಯದಲ್ಲಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಗೈಲಿಂಗ್ ಎಂಬ ಪ್ರೊಫೆಸರರ ಹತ್ತಿರ ಕೆನಡಾದ ಹುಡುಗಿಯೊಬ್ಬಳು ಓದುತ್ತಿದ್ದಳು, ಫ್ರಾನ್ಸೆಸ್ ಓಲ್ಡಮ್ ಅಂತ. ಆ ದ್ರವವನ್ನು ಪ್ರಾಣಿಗಳಿಗೆ ಕೊಟ್ಟು ಪರೀಕ್ಷಿಸಿದವರಲ್ಲಿ ಅವಳೂ ಒಬ್ಬಳು. ಅವಳು ಅಲ್ಲಿ ಸೇರಿದ್ದೇ ಒಂದು ತಮಾಷೆ. ಅವಳ ಅರ್ಜಿಗೆ ಬಂದ ಉತ್ತರದಲ್ಲಿ ‘ಪ್ರಿಯ ಮಿಸ್ಟರ್ ಓಲ್ಡಮ್’ ಎಂದಿತ್ತು! ಫ್ರಾನ್ಸೆಸ್ ಹೆಣ್ಣಿನ ಹೆಸರು, ಫ್ರಾನ್ಸಿಸ್ ಗಂಡಿನ ಹೆಸರು. ಪ್ರೊಫೆಸರರಿಗೆ ಒಂದು ಅಕ್ಷರ ಕಾಣಲಿಲ್ಲ. ಅವಳು ತನ್ನ ಗುರುಗಳನ್ನು ಕೇಳಿದಳು. ಅವರು, ಸುಮ್ಮನೆ ಒಪ್ಪಿಗೆ ಬರೆದು ಸಹಿಯ ಪಕ್ಕ ‘ಮಿಸ್’ ಎಂದು ಹಾಕಿ ಹೊರಡು ಎಂದರಂತೆ. ಹೆಸರು ತಪ್ಪಿದ್ದಕ್ಕೆ ಒಂದು ಔಷಧಿ ಸಿಕ್ಕಿಬಿತ್ತು. ಹೆಸರು ತಪ್ಪಿದ್ದಕ್ಕೇ ಒಬ್ಬ ಹುಡುಗಿಗೆ ಸೀಟು ಸಿಕ್ಕಿತು. ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ಕನ್ನಡ ಹೆಸರು ಮರಾಠಿಯಲ್ಲಿ ಬರೆಯುವಾಗ ತಪ್ಪಿ, ಮಕ್ಕಳು ದಾಖಲೆ ತಿದ್ದಿಸಲು ವರ್ಷಗಟ್ಟಲೆ ಅಲೆಯುವುದನ್ನು ಕಂಡ ನಮಗೆ, ತಪ್ಪಿದ ಹೆಸರಿನಿಂದ ಒಳ್ಳೆಯದೂ ಆಗುತ್ತದೆ ಎಂಬುದು ಹೊಸ ವಿಷಯ.

ಮದುವೆಯಾಗಿ ಫ್ರಾನ್ಸೆಸ್ ಕೆಲ್ಸಿ ಆದ ಈ ಮಹಿಳೆ 1960ರಲ್ಲಿ ಅದೇ ಔಷಧಿ ಇಲಾಖೆಗೆ ಸೇರಿದರು. ಹೊಸಬರು ಎಂದು ಸುಲಭದ ಅರ್ಜಿಯನ್ನೇ ಕೊಟ್ಟರು. ಅದು ಥ್ಯಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆ. ಆಗಲೇ ಹತ್ತಾರು ದೇಶಗಳಲ್ಲಿ ಮಾರಾಟವಾಗುತ್ತಿತ್ತು, ಬಸುರಿಯರ ವಾಕರಿಕೆಗೂ ಕೊಡುತ್ತಿದ್ದರು. ಅಲ್ಲಿನ ನಿಯಮ ಎಂಥದ್ದೆಂದರೆ, 60 ದಿನದೊಳಗೆ ಇಲಾಖೆ ಬಾಯಿ ಬಿಡದಿದ್ದರೆ ಅರ್ಜಿ ತಾನೇ ಪಾಸು! ಅಂದರೆ ಪೇಪರು ತಿದ್ದುವ ಮಾಸ್ತರ ನಿದ್ದೆ ಹೋದರೆ ಕ್ಲಾಸಿಗೆ ಕ್ಲಾಸೇ ಉತ್ತೀರ್ಣ.

ಕೆಲ್ಸಿಯವರು ನಿದ್ದೆ ಹೋಗಲಿಲ್ಲ. ಪ್ರತಿ ಸಲ ಅರವತ್ತು ದಿನ ತುಂಬುವ ಮೊದಲೇ, ಇದು ಸಾಲದು, ಇನ್ನಷ್ಟು ಮಾಹಿತಿ ಕಳಿಸಿ ಎಂದು ಬರೆದರು. ಕಂಪನಿಯವರು ಮತ್ತೆ ಮತ್ತೆ ಬಂದರು, ಮೇಲಿನವರಿಗೆ ದೂರು ಕೊಟ್ಟರು. ಇವರು ಹಟಮಾರಿ, ಕಡತ ಮುಂದೂಡುವ ಸರಕಾರಿ ಗುಮಾಸ್ತೆ ಎಂಬ ಮಾತೂ ಬಂತು. 1961ರ ನವೆಂಬರಿನಲ್ಲಿ ಜರ್ಮನಿಯಿಂದ ಸುದ್ದಿ ಬಂತು. ಆ ಗುಳಿಗೆ ತಿಂದ ತಾಯಂದಿರಿಗೆ ಕೈಕಾಲು ಬೆಳೆಯದ ಕೂಸುಗಳು ಹುಟ್ಟುತ್ತಿದ್ದವು. ಜಗತ್ತಿನಲ್ಲಿ ಇಂಥ ಕೂಸುಗಳು ಹತ್ತು ಸಾವಿರಕ್ಕೂ ಹೆಚ್ಚು. ಅಮೆರಿಕದಲ್ಲಿ ‘ಪ್ರಯೋಗ’ ಎಂಬ ಹೆಸರಿನಲ್ಲಿ ಡಾಕ್ಟರರಿಗೆ ಹಂಚಿದ್ದ ಪುಕ್ಕಟೆ ಗುಳಿಗೆಗಳಿಂದ 17 ಪ್ರಕರಣ ವರದಿಯಾದವು, ಅಷ್ಟಕ್ಕೇ ನಿಂತಿತು. 1962ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿ ಅವರ ಕೊರಳಿಗೆ ಪದಕ ಹಾಕಿದರು. ಅದೇ ಅಕ್ಟೋಬರಿನಲ್ಲಿ ಕಾಯ್ದೆ ಮತ್ತೆ ಬಿಗಿಯಾಯಿತು. ಕಡತ ತಡ ಮಾಡಿದ್ದಕ್ಕೆ ಪದಕ ಸಿಕ್ಕ ಸರಕಾರಿ ನೌಕರರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು? ಕಡತ ತಡ ಮಾಡುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಆದರೆ ಓದಿ ತಡ ಮಾಡುವುದು ಬೇರೆ, ಓದದೆ ತಡ ಮಾಡುವುದು ಬೇರೆ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಕಳಪೆ ಔಷಧಿಯ ಗೋಳು ಬ್ರಿಟಿಷರ ಕಾಲದ್ದು. ಮಲೇರಿಯಾಕ್ಕೆ ಇದ್ದ ಒಂದೇ ಔಷಧಿ ಕ್ವಿನೈನು, ಅದಕ್ಕೂ ಕಲಬೆರಕೆ. 1927ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಠರಾವು ಆಯಿತು. 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಸಮಿತಿ ನೇಮಕವಾಯಿತು. 1931ರಲ್ಲಿ ಅವರು ವರದಿ ಕೊಟ್ಟರು. ಕಾಯ್ದೆ ಬಂದದ್ದು 1940ರಲ್ಲಿ, ನಿಯಮಗಳು ಬಂದದ್ದು 1945ರಲ್ಲಿ! ಠರಾವು ಆದ ದಿನ ಹುಟ್ಟಿದ ಕೂಸಿಗೆ ನಿಯಮ ಬರುವಷ್ಟರಲ್ಲಿ ಹದಿನೆಂಟು ತುಂಬಿತ್ತು. ಆ 1940ರ ಕಾಯ್ದೆಯೇ ತೇಪೆ ಹಾಕಿಸಿಕೊಂಡು ಇಂದಿಗೂ ನಡೆದಿದೆ. 1962ರಲ್ಲಿ ಅದಕ್ಕೆ ಸ್ನೋ ಪೌಡರುಗಳನ್ನೂ ಸೇರಿಸಿ ‘ಔಷಧಿ ಮತ್ತು ಸೌಂದರ್ಯ ಸಾಧನಗಳ ಕಾಯ್ದೆ’ ಎಂದು ಹೆಸರು ಬದಲಿಸಿದರು.

ಮತ್ತೆ ಅದೇ ಡೈಎಥಿಲೀನ್ ಗ್ಲೈಕಾಲ್ ಬಂತು. ಅದು ಕಾರ್ಖಾನೆಗಳಲ್ಲಿ ಬಳಸುವ, ಸಿಹಿಯಾದ, ಅಗ್ಗದ ದ್ರವ. ಸಿರಪ್‌ಗಳಿಗೆ ಹಾಕುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ಗಳ ಹಾಗೆಯೇ ಕಾಣುತ್ತದೆ. ನೋಡಿದರೆ, ಮೂಸಿದರೆ ಗೊತ್ತಾಗುವುದಿಲ್ಲ, ಪರೀಕ್ಷಿಸಿದರೆ ಗೊತ್ತಾಗುತ್ತದೆ. ಪರೀಕ್ಷೆ ಏನೂ ಬ್ರಹ್ಮವಿದ್ಯೆಯಲ್ಲ. 1972ರಲ್ಲಿ ಮದ್ರಾಸಿನಲ್ಲಿ ಮಕ್ಕಳು ಸತ್ತರು. 1986ರ ಜನವರಿ-ಫೆಬ್ರವರಿಯಲ್ಲಿ ನಮ್ಮದೇ ರಾಜಧಾನಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತರು. ಅವರಿಗೆ ಔಷಧಿಯೆಂದು ಕೊಟ್ಟ ಗ್ಲಿಸರಿನ್‌ನಲ್ಲಿ ಇದ್ದದ್ದು ಈ ವಿಷ. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ವಿಚಾರಣೆ ನಡೆಸಿತು. ಖರೀದಿ ಮಾಡಿದವರಿಂದ ಹಿಡಿದು ಔಷಧಿ ಇಲಾಖೆ, ಮಂತ್ರಿಗಳವರೆಗೆ ಯಾರನ್ನೂ ಬಿಡದೆ ಬರೆದರು. ವರದಿಯ ಬಿಸಿಗೆ ಆರೋಗ್ಯ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. 1998ರಲ್ಲಿ ಗುಡಗಾಂವ್‌ನಲ್ಲಿ 33 ಮಕ್ಕಳು ಸತ್ತರು. 2020ರ ಸುಮಾರಿಗೆ ಜಮ್ಮುವಿನ ರಾಮನಗರದಲ್ಲಿ ಮತ್ತೆ ಮಕ್ಕಳು. ಒಂದೇ ಪ್ರಶ್ನೆ ಪ್ರತಿ ಪರೀಕ್ಷೆಯಲ್ಲೂ ಬರುತ್ತಿದ್ದರೆ ದಡ್ಡ ಹುಡುಗನೂ ಅದೊಂದನ್ನು ಕಲಿತು ಬರುತ್ತಾನೆ.

ಹಾಗಾದರೆ ‘ಪಾಸ್ ಮಾಡುವವರು’ ಏನು ಮಾಡುತ್ತಿದ್ದರು? ಇದಕ್ಕೆ ಉತ್ತರ ಬೇಕಾದರೆ ನಮ್ಮ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2012ರ ಮೇ ತಿಂಗಳಲ್ಲಿ ಮಂಡಿಸಿದ 59ನೆಯ ವರದಿಯನ್ನು ಓದಬೇಕು. ಹೊಸ ಔಷಧಿಗಳಿಗೆ ಅನುಮತಿ ಕೊಡುವ ಕೇಂದ್ರ ಔಷಧಿ ಸಂಸ್ಥೆಯ ಬಗ್ಗೆ ಅದು. ಹಾಸ್ಯ ಸಾಹಿತ್ಯ ಓದಬೇಕೆನಿಸಿದಾಗ ಸಮಿತಿಯ ವರದಿ ಓದುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

ಸಮಿತಿ 42 ಔಷಧಿಗಳ ಕಡತ ಕೇಳಿತು. 39 ಬಂದವು. ಮೂರು ‘ಸಿಗುತ್ತಿಲ್ಲ’! ನಮ್ಮ ಶಾಲೆಯಲ್ಲಿ ಒಂದು ಬಿಸಿಯೂಟದ ರಜಿಸ್ಟರ್ ಸಿಗದಿದ್ದರೆ ಏನಾಗುತ್ತದೆ ಎಂದು ಮಾಸ್ತರರಿಗೆ ಹೇಳಬೇಕಾಗಿಲ್ಲ. 2008ರ ಜನವರಿಯಿಂದ 2010ರ ಅಕ್ಟೋಬರ್‌ವರೆಗೆ 33 ಹೊಸ ಔಷಧಿಗಳಿಗೆ ನಮ್ಮ ದೇಶದ ರೋಗಿಗಳ ಮೇಲೆ ಪ್ರಯೋಗವೇ ಇಲ್ಲದೆ ಅನುಮತಿ ಸಿಕ್ಕಿತ್ತು. ಡೆನ್ಮಾರ್ಕ್ ದೇಶದ ಒಂದು ಔಷಧಿ ಡೆನ್ಮಾರ್ಕ್‌ನಲ್ಲೇ ಮಾರಾಟಕ್ಕಿರಲಿಲ್ಲ, ನಮ್ಮಲ್ಲಿ ಧಾರಾಳವಾಗಿ ಮಾರುತ್ತಿತ್ತು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ತಜ್ಞರ ಪತ್ರಗಳ ಪ್ರಕರಣ. ಹೊಸ ಔಷಧಿಗೆ ಅನುಮತಿ ಕೊಡುವ ಮುಂಚೆ ಬೇರೆ ಬೇರೆ ಊರಿನ ದೊಡ್ಡ ಡಾಕ್ಟರರ ಅಭಿಪ್ರಾಯ ಕೇಳುತ್ತಾರೆ. ಸಮಿತಿ ಆ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ದೂರದೂರದ ಊರುಗಳಲ್ಲಿ ಕುಳಿತು ಬರೆದ ಕೆಲವು ಪತ್ರಗಳು ಪದಕ್ಕೆ ಪದ ಒಂದೇ! ಪತ್ರ ಬರೆದದ್ದು ಕಂಪನಿಯ ಕಾಣದ ಕೈ, ತಜ್ಞರು ಸಹಿ ಮಾತ್ರ ಹಾಕಿದ್ದಾರೆ ಎಂಬರ್ಥದಲ್ಲಿ ಸಮಿತಿ ಬರೆಯಿತು. ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಕಥೆ ಕೇಳಿದ್ದೆವು. ಇಲ್ಲಿ ಕೋಣ ಈದಿದೆ ಎಂದು ಸರ್ಟಿಫಿಕೇಟನ್ನೇ ಬರೆದು ಕೊಟ್ಟಿದ್ದರು.

ಓದುತ್ತ ನಮಗೆ ಒಂದು ಹಳೆಯ ಸಂಗತಿ ನೆನಪಾಗಿ ನಗು ತಡೆಯಲಾಗಲಿಲ್ಲ. ಒಮ್ಮೆ ‘ನಮ್ಮ ಮನೆಯ ಸಾಕುಪ್ರಾಣಿ’ ಎಂಬ ನಿಬಂಧ ಬರೆಸಿದ್ದೆವು. ಇಬ್ಬರು ಹುಡುಗರ ಮನೆಯಲ್ಲೂ ಎಮ್ಮೆ. ಎರಡೂ ಎಮ್ಮೆಗಳ ಹೆಸರು ಗಂಗಿ. ಎರಡೂ ಗಂಗಿಯರ ಎಡಗೊಂಬು ಮುರಿದಿತ್ತು. ಎರಡನ್ನೂ ಅಜ್ಜಿ ಇಂಡಿ ಸಂತೆಯಿಂದ ತಂದಿದ್ದಳು. ಇಬ್ಬರಲ್ಲಿ ಒಬ್ಬನ ಮನೆಯಲ್ಲಿ ಕೋಳಿಯೂ ಇರಲಿಲ್ಲ! ಹಿಡಿಯಲು ನಮಗೆ ಎರಡು ನಿಮಿಷ ಸಾಕಾಯಿತು. ಇಬ್ಬರನ್ನೂ ಎದ್ದು ನಿಲ್ಲಿಸಿದೆವು. ದಿಲ್ಲಿಯಲ್ಲಿ ಗಂಗಿಯರೆಲ್ಲ ಪಾಸಾಗಿ ಔಷಧಿ ಅಂಗಡಿ ಸೇರಿದ್ದರು.

ಒಂದು ಮಾತು ನ್ಯಾಯಕ್ಕಾಗಿ ಹೇಳಬೇಕು. ಅದೇ ವರದಿಯ ಪ್ರಕಾರ ಆ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಈ ಕೆಲಸಕ್ಕೆ ಇದ್ದ ಅಧಿಕಾರಿಗಳು ಒಂಬತ್ತು ಜನ. ವರ್ಷಕ್ಕೆ ಬರುವ ಅರ್ಜಿಗಳು ಸುಮಾರು 20,000. ಅದರ ಮೇಲೆ ಸಭೆಗಳು, ಸಂಸತ್ತಿನ ಪ್ರಶ್ನೆಗಳು, ಕೋರ್ಟು ಕೇಸುಗಳು. ತಲೆಗೆ ದಿನಕ್ಕೆ ಎಂಟೊಂಬತ್ತು ಅರ್ಜಿ ಬಿತ್ತು. ನಾಲ್ಕು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಕಲಿಸುವ ನಮಗೆ ಅವರ ಕಷ್ಟ ಅರ್ಥವಾಗದೇ ಇರುವುದಿಲ್ಲ. ಇಷ್ಟು ದೊಡ್ಡ ದೇಶದ ಔಷಧಿಗೆ ಒಂಬತ್ತು ಜನ ಸಾಕು ಎಂದು ಕೂತವರು ಯಾರು ಎಂಬುದನ್ನೂ ಆ ತಾಯಿ ಕೇಳಿದ ಪ್ರಶ್ನೆಯೊಳಗೇ ಸೇರಿಸಿಕೊಳ್ಳಬೇಕು.

ಇನ್ನು ಗಡಿಯವರಾದ ನಮಗೆ ಮಾತ್ರ ಸರಿಯಾಗಿ ಅರ್ಥವಾಗುವ ತಮಾಷೆ ಒಂದಿದೆ. ಹೊಸ ಔಷಧಿಗೆ ಅನುಮತಿ ದಿಲ್ಲಿಯದು, ಆದರೆ ತಯಾರಿಸುವ ಪರವಾನಗಿ ಕೊಡುವುದು ರಾಜ್ಯ. ಒಂದು ರಾಜ್ಯ ಪರವಾನಗಿ ಕೊಟ್ಟರೆ ಸಾಕು, ಮಾಲು ಇಡೀ ದೇಶದಲ್ಲಿ ಮಾರಬಹುದು. ನಾವು ಟಿ.ಸಿ.ಎಚ್. ಮಾಡಿದ್ದು ಕರ್ನಾಟಕದಲ್ಲಿ. ಅದು ಇಲ್ಲಿನ ಡಿ.ಎಡ್.ಗೆ ಸಮ ಎಂದು ಒಪ್ಪಿಸಲು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದೆವು, ಎಷ್ಟು ಝೆರಾಕ್ಸ್ ಕೊಟ್ಟೆವು, ಲೆಕ್ಕ ಇಟ್ಟಿಲ್ಲ. ನಮ್ಮ ಮಕ್ಕಳ ಜಾತಿ ಪ್ರಮಾಣಪತ್ರ ಮೂವತ್ತು ಕಿಲೋಮೀಟರ್ ದಾಟಿದರೆ ನಡೆಯುವುದಿಲ್ಲ. ಕೆಮ್ಮಿನ ಬಾಟಲಿಗೆ ಮಾತ್ರ ಗಡಿಯೇ ಇಲ್ಲ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಅದು ಮೂಲನಿವಾಸಿ!

ಈ ಸೌಲಭ್ಯದ ಮರೆಯಲ್ಲಿ ಎರಡು ಮೂರು ನಾಲ್ಕು ಔಷಧಿ ಕಲಸಿದ ಗುಳಿಗೆಗಳು ಬೆಳೆದವು. ನೆಗಡಿಗೆ ಒಂದು, ಜ್ವರಕ್ಕೆ ಒಂದು, ನೋವಿಗೆ ಒಂದು, ಎಲ್ಲ ಸೇರಿಸಿ ಮಿಸಳ ಮಾಡಿದ ಹಾಗೆ. ಹೀಗೆ ಕಲಸಿದರೆ ಅದು ಹೊಸ ಔಷಧಿ, ದಿಲ್ಲಿಯ ಅನುಮತಿ ಬೇಕು. ಬಹಳಷ್ಟು ಕಂಪನಿಗಳು ರಾಜ್ಯದ ಪರವಾನಗಿಯ ಮೇಲೆಯೇ ಮಾರಿದವು. ಇವನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರು ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಪ್ರೊ. ಚಂದ್ರಕಾಂತ ಕೊಕಾಟೆ. ಅವರ ವರದಿಯ ಮೇಲೆ 2016ರ ಮಾರ್ಚ್ 10ರಂದು ಒಂದೇ ಏಟಿಗೆ 344 ಮಿಶ್ರಣಗಳು ನಿಷೇಧವಾದವು. ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ನಿಷೇಧವನ್ನೇ ರದ್ದು ಮಾಡಿತು, ಕಾಯ್ದೆಯಲ್ಲಿ ಹೇಳಿದ ಮಂಡಳಿಯನ್ನು ಕೇಳಿಲ್ಲ ಎಂದು. 2017ರಲ್ಲಿ ಸುಪ್ರೀಂ ಕೋರ್ಟು ಮಂಡಳಿಯನ್ನು ಕೇಳಿರಿ ಎಂದಿತು. ಕೇಳಿದರು. 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳು ಮತ್ತೆ ನಿಷೇಧವಾದವು. ನಡುವಿನ ಎರಡು ವರ್ಷ ಆ ಗುಳಿಗೆ ನುಂಗಿದವರು ಪಾಸೋ ಫೇಲೋ, ಯಾರಿಗೂ ಗೊತ್ತಿಲ್ಲ.

2022ರ ಅಕ್ಟೋಬರಿನಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಿಂದ ಸುದ್ದಿ ಬಂತು. ಅಲ್ಲಿ ಸತ್ತ ಅರವತ್ತಕ್ಕೂ ಹೆಚ್ಚು ಮಕ್ಕಳ ಸಾವಿಗೆ ಭಾರತದಲ್ಲಿ ತಯಾರಾದ ಸಿರಪ್‌ಗಳ ಸಂಬಂಧ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ನಮ್ಮ ಸರಕಾರ ಮಾದರಿಗಳಲ್ಲಿ ದೋಷವಿಲ್ಲ ಎಂದಿತು. ಆದರೂ 2023ರ ಜೂನ್ 1ರಿಂದ ಹೊರದೇಶಕ್ಕೆ ಹೋಗುವ ಪ್ರತಿ ಕೆಮ್ಮಿನ ಸಿರಪ್ ಸರಕಾರಿ ಪ್ರಯೋಗಾಲಯದಲ್ಲಿ ಪಾಸಾಗಿಯೇ ಹಡಗು ಹತ್ತಬೇಕು ಎಂದು ಆಜ್ಞೆ ಬಂತು. ಒಳ್ಳೆಯ ಆಜ್ಞೆ. ನಮ್ಮ ಮಕ್ಕಳು ಕುಡಿಯುವ ಬಾಟಲಿಗೆ? ಅದಕ್ಕೆ ಆ ಆಜ್ಞೆ ಅನ್ವಯಿಸಲಿಲ್ಲ. ಹೊರಗಿನ ನೆಂಟರಿಗೆ ಅಕ್ಕಿ ಆರಿಸಿ ಅನ್ನ, ಮನೆಯ ಮಕ್ಕಳಿಗೆ ಕಲ್ಲಿನ ಜೊತೆಗೇ ಬೇಯಿಸಿದ್ದು. ಅದೇ ವರ್ಷ ಬಂದ ‘ಜನ ವಿಶ್ವಾಸ’ ಎಂಬ ಚೆಂದದ ಹೆಸರಿನ ಕಾಯ್ದೆ, ಸಾವು ಅಥವಾ ಭಾರಿ ಅಪಾಯ ಆಗದ ಕೆಲವು ಕಳಪೆ ಔಷಧಿ ಪ್ರಕರಣಗಳಲ್ಲಿ ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ದಾರಿ ಮಾಡಿಕೊಟ್ಟಿತು.

2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರ ನಿಂತುಹೋಯಿತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ಹೆಚ್ಚಿನವರು ಐದು ವರ್ಷದೊಳಗಿನವರು, ಸತ್ತರು. ಬಾಟಲಿ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಒಂದು ಕಾರ್ಖಾನೆಯದು. ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ನೂರಕ್ಕೆ 0.1. ಇದ್ದದ್ದು 48.6. ಅರ್ಧ ಬಾಟಲಿ ವಿಷ. ಸಾವಿನ ನಂತರ ಪರೀಕ್ಷೆಯ ಫಲಿತಾಂಶ ಬರಲು ಹಿಡಿದದ್ದು ಒಂದೆರಡು ದಿನ. ಎಂಬತ್ತೆಂಟು ವರ್ಷದ ಹಿಂದೆ ಟುಲ್ಸಾದಲ್ಲಿ ಸತ್ತ ಮಕ್ಕಳ ಹೊಟ್ಟೆಯಲ್ಲಿದ್ದದ್ದೂ ಇದೇ ದ್ರವ.

ಇಷ್ಟೆಲ್ಲ ಓದಿಕೊಂಡು ಆ ತಾಯಿಗೆ ಹೇಳಲು ಹೋದೆವು. ಅವಳು ಕಬ್ಬಿನ ಹೊಲದಲ್ಲಿದ್ದಳು. ಟುಲ್ಸಾ, ಕೆಲ್ಸಿ, ಸ್ಥಾಯಿ ಸಮಿತಿ ಎಂದೆಲ್ಲ ಶುರು ಮಾಡುವಷ್ಟರಲ್ಲಿ ಅವಳು ಕೇಳಿದಳು, “ಅದೆಲ್ಲ ಇರಲ್ರಿ ಗುರೂಜಿ, ನಮ್ಮ ಹುಡುಗಿ ತಿಂದಳಲ್ಲ, ಆ ಗುಳಗಿ ಯಾವ ಡಬ್ಬೀದು, ಯಾವ ನಂಬರಿಂದು, ಬರ್ಕೊಂಡೀರೇನು?”

ಬರೆದುಕೊಂಡಿರಲಿಲ್ಲ. ನಮ್ಮ ರಜಿಸ್ಟರಿನಲ್ಲಿ ಮಗುವಿನ ಹೆಸರು, ಇಯತ್ತೆ, ವಯಸ್ಸು, ಗುಳಿಗೆ ತಿಂದಿದೆಯೇ, ಶಿಕ್ಷಕರ ಸಹಿ ಇಷ್ಟಕ್ಕೇ ಮನೆಗಳಿವೆ. ಬ್ಯಾಚ್ ನಂಬರಿಗೆ ಮನೆ ಇಲ್ಲ.

ಮಾರನೆಯ ದಿನ ಖಾಲಿ ಡಬ್ಬಿ ಹುಡುಕಿದೆವು. ಪುಣ್ಯಕ್ಕೆ ಮಕ್ಕಳು ಅದರಲ್ಲಿ ಸೀಮೆಸುಣ್ಣ ತುಂಬಿಟ್ಟಿದ್ದರು. ನಂಬರು, ತಯಾರಿಸಿದ ತಿಂಗಳು, ಮುಗಿಯುವ ತಿಂಗಳು ಎಲ್ಲವನ್ನೂ ಕೆಂಪು ಶಾಯಿಯಲ್ಲಿ ರಜಿಸ್ಟರಿನ ಅಂಚಿನಲ್ಲಿ ಬರೆದೆವು. ಅಕ್ಷರ ಸಣ್ಣದಿತ್ತು, ನಮ್ಮ ಚಾಳೀಸಿನಲ್ಲಿ ಕಾಣಲಿಲ್ಲ. ಆ ತಾಯಿಯ ಮಗಳನ್ನೇ ಕರೆದು ಓದಿಸಿದೆವು. ತಪಾಸಣೆಗೆ ಬಂದ ಸಾಹೇಬರು ರಜಿಸ್ಟರ್ ತಿರುವಿ, “ಇದೇನು, ಯಾವ ಕಾಲಮ್ಮು?” ಎಂದರು. ಕಾಲಮ್ಮು ಇಲ್ಲ, ಅಂಚಿನಲ್ಲಿ ಬರೆದಿದ್ದೇವೆ ಎಂದೆವು. ಅಂಚಿನಲ್ಲಿ ಏನೂ ಬರೆಯಬಾರದು ಎಂದು ಷರಾ ಬರೆದು ಸಹಿ ಮಾಡಿ ಹೋದರು. ಷರಾ ಬರೆದದ್ದೂ ಅಂಚಿನಲ್ಲೇ.